ಬೋಕಿ ಇದ್ದಲ್ಲೇ ಇರಲಿ

ಶಾಲೆಗೊಂದು ಪುಟ್ಟ ವಸ್ತುಸಂಗ್ರಹಾಲಯ ಬೇಕು, ಮಕ್ಕಳು ತಮ್ಮ ತಮ್ಮ ಊರುಗಳಿಂದ ಹಳೆಯ ಕಾಲದ ವಸ್ತುಗಳನ್ನು ತಂದು ಕೂಡಿಸಬೇಕು ಎಂಬ ಸಲಹೆ ಈಚೆಗೆ ಕೆಲವು ಪೋಷಕರಿಂದ ಬಂದಿದೆ. ಸಲಹೆ ಒಳ್ಳೆಯದೇ. ಅಜ್ಜಿಯ ಕಾಲದ ಒನಕೆ, ಸೇರು, ಪಾವು, ಹಿತ್ತಾಳೆಯ ಗಿಂಡಿ, ಓಲೆಗರಿಯ ಕಟ್ಟು ಇವೆಲ್ಲ ಅಟ್ಟದ ಮೇಲೆ ಗೆದ್ದಲು ಹಿಡಿದು ಹಾಳಾಗುವುದಕ್ಕಿಂತ ಶಾಲೆಯ ಬೀರುವಿನಲ್ಲಿ ಇರುವುದು ಮೇಲು. ಆದರೆ ಆ ಸಲಹೆಯ ಬಾಲಕ್ಕೆ ಇನ್ನೊಂದು ಮಾತೂ ಅಂಟಿಕೊಂಡಿದೆ. ಹೊಲ ಉಳುವಾಗ, ಪಾಯ ತೋಡುವಾಗ ಸಿಗುವ ಹಳೆಯ ಮಡಕೆಯ ಚೂರು, ಮಣಿ, ತುಕ್ಕು ಹಿಡಿದ ಕಬ್ಬಿಣ ಇವನ್ನೂ ಮಕ್ಕಳು ಹೆಕ್ಕಿ ತರಲಿ ಎಂಬುದು ಆ ಮಾತು. ಇದಕ್ಕೆ ನಮ್ಮ ಒಪ್ಪಿಗೆ ಇಲ್ಲ. ಹೊಲದ ಬೋಕಿ ಹೊಲದಲ್ಲೇ ಇರಲಿ, ಶಾಲೆಗೆ ಅದರ ವಿಳಾಸ ಮಾತ್ರ ಬರಲಿ ಎನ್ನುವುದು ನಮ್ಮ ಅಭಿಪ್ರಾಯ.

ಒಡೆದ ಮಡಕೆಯ ಚೂರಿಗೆ ಇಷ್ಟು ದೊಡ್ಡ ಮಾತೇಕೆ ಎಂದು ಕೆಲವರು ನಗಬಹುದು. ಬೋಕಿ ಎಂದರೆ ಮಕ್ಕಳಿಗೆ ಕುಂಟೆಬಿಲ್ಲೆ ಆಡುವ ಬಿಲ್ಲೆ, ದೊಡ್ಡವರಿಗೆ ಕಾಲಿಗೆ ಚುಚ್ಚುವ ಕಸ. ನಮ್ಮ ಮಾತಿಗೆ ಕಾರಣ ಹೇಳಬೇಕಾದರೆ ಜವಳಗಿರಿಯಿಂದ ಬಲು ದೂರ, ರೋಮನ್ನರ ಕಾಲದ ಕುಂಬಾರರ ಆವಿಗೆಯವರೆಗೆ ಹೋಗಿ, ಅಲ್ಲಿಂದ ಸಮುದ್ರದ ದಾರಿಯಲ್ಲಿ ನಮ್ಮ ಜಿಲ್ಲೆಗೆ ಮರಳಬೇಕು. ಓದುಗರು ಸ್ವಲ್ಪ ತಾಳ್ಮೆಯಿಂದ ಜೊತೆಗೆ ಬರಬೇಕು.

ಆವಿಗೆ ಎಂದರೇನು ಎಂಬುದೇ ಈಗಿನ ಮಕ್ಕಳಲ್ಲಿ ಎಷ್ಟೋ ಮಂದಿಗೆ ತಿಳಿಯದು. ಪ್ಲಾಸ್ಟಿಕ್ ಕೊಡ, ಸ್ಟೀಲ್ ಬಿಂದಿಗೆ ಬಂದ ಮೇಲೆ ಕುಂಬಾರರ ತಿಗರಿ ತಿರುಗುವುದನ್ನು ನೋಡುವ ಭಾಗ್ಯವೇ ಕಡಿಮೆಯಾಯಿತು. ನಮ್ಮ ಹಳ್ಳಿಗಳ ಕುಂಬಾರರು ಒಣಗಿದ ಹಸಿ ಮಡಕೆಗಳನ್ನು ಬೆರಣಿ, ಸೌದೆಗಳ ಹಾಸಿನ ಮೇಲೆ ಒಪ್ಪವಾಗಿ ಪೇರಿಸಿ, ಮೇಲೆ ಹುಲ್ಲು ಮುಚ್ಚಿ, ಹುಲ್ಲಿನ ಮೇಲೆ ಕೆಸರು ಬಳಿದು, ಅಲ್ಲಲ್ಲಿ ಹೊಗೆ ಹೋಗಲು ಕಂಡಿ ಬಿಟ್ಟು ಬೆಂಕಿ ಕೊಡುತ್ತಾರೆ. ರಾತ್ರಿಯೆಲ್ಲ ಬೆಂದು, ಆರಿದ ಮೇಲೆ ಬಿಚ್ಚುತ್ತಾರೆ. ಮಡಕೆಗಳೆಲ್ಲ ಸಂತೆಗೆ ಹೋದ ಮೇಲೆ ಅಲ್ಲಿ ಉಳಿಯುವುದು ಬೂದಿ, ಕೆಂಪಗೆ ಸುಟ್ಟ ನೆಲ ಮತ್ತು ಸೊಟ್ಟಗಾಗಿ, ಸೀಳಿ, ಮಾರಾಟಕ್ಕೆ ಬಾರದೆ ಬಿಸಾಡಿದ ಮಡಕೆಗಳ ಗುಡ್ಡೆ. ಈ ಗುಡ್ಡೆಯನ್ನು ಓದುಗರು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಒಳ್ಳೆಯ ಮಡಕೆ ನೂರು ಹರದಾರಿ ಹೋಗುತ್ತದೆ. ಕೆಟ್ಟ ಮಡಕೆಯನ್ನು ಹೊತ್ತುಕೊಂಡು ಹೋಗುವವರು ಯಾರೂ ಇಲ್ಲ. ಆದ್ದರಿಂದ ಸೊಟ್ಟ ಮಡಕೆಗಳು ರಾಶಿಯಾಗಿ ಸಿಕ್ಕಿದಲ್ಲಿ ಆವಿಗೆ ಹತ್ತಿರದಲ್ಲೇ ಇತ್ತು ಎಂದು ತಿಳಿಯಬಹುದು.

ರೋಮನ್ನರ ಆವಿಗೆ ಇದಕ್ಕಿಂತ ಗಟ್ಟಿಮುಟ್ಟಾದದ್ದು. ನೆಲದಲ್ಲಿ ದುಂಡನೆಯ ಗುಂಡಿ ತೋಡಿ, ಅದರ ಒಳಗೆ ಎರಡು ಅಂತಸ್ತು ಮಾಡುತ್ತಿದ್ದರು. ಕೆಳಗೆ ಬೆಂಕಿಯ ಮನೆ, ಮೇಲೆ ಮಡಕೆಗಳ ಮನೆ, ನಡುವೆ ತೂತು ತೂತಾದ ಮಣ್ಣಿನ ಅಟ್ಟ. ಪಕ್ಕದಲ್ಲಿ ಸೌದೆ ತುರುಕುವ ಬಾಯಿ. ನಮ್ಮ ಇಡ್ಲಿ ಪಾತ್ರೆಯನ್ನು ನೆನೆದುಕೊಂಡರೆ ಹೆಚ್ಚು ಕಡಿಮೆ ಅರ್ಥವಾಗುತ್ತದೆ. ಅಲ್ಲಿ ಹಬೆ ಮೇಲೇರುವಂತೆ ಇಲ್ಲಿ ಬೆಂಕಿಯ ಝಳ ತೂತುಗಳ ಮೂಲಕ ಮೇಲೇರಿ ಮಡಕೆಗಳನ್ನು ಬೇಯಿಸುತ್ತದೆ. ಜೇಡಿಮಣ್ಣಿನಲ್ಲಿ ಕಬ್ಬಿಣದ ಅಂಶ ಇರುತ್ತದೆ. ಬೇಯುವಾಗ ಗಾಳಿ ಚೆನ್ನಾಗಿ ಆಡಿದರೆ ಆ ಕಬ್ಬಿಣ ಮಡಕೆಯನ್ನು ಕೆಂಪು ಮಾಡುತ್ತದೆ. ಗಾಳಿಯನ್ನು ಕಟ್ಟಿ ಹೊಗೆಯನ್ನು ಒಳಗೇ ಕೂಡಿಹಾಕಿದರೆ ಮಡಕೆ ಕಪ್ಪಾಗುತ್ತದೆ. ನಮ್ಮ ಕಡೆಯ ಪುರಾತನ ಸಮಾಧಿಗಳಲ್ಲಿ ಸಿಗುವ, ಹೊರಗೆ ಕೆಂಪು ಒಳಗೆ ಕಪ್ಪು ಇರುವ ಮಡಕೆಗಳನ್ನು ಕವುಚಿ ಹಾಕಿ ಸುಡುತ್ತಿದ್ದಿರಬೇಕು, ಒಳಭಾಗಕ್ಕೆ ಗಾಳಿ ತಗಲದೆ ಕಪ್ಪಾಯಿತು, ಎಂದು ವಿದ್ವಾಂಸರು ವಿವರಿಸಿರುವುದು ಈ ತತ್ತ್ವದ ಮೇಲೆಯೇ. ವಿಜ್ಞಾನದ ಪುಸ್ತಕದಲ್ಲಿ ಆಮ್ಲಜನಕದ ಪಾಠ ಓದುವ ಮಕ್ಕಳು ಇದನ್ನೂ ಅದರ ಪಕ್ಕದಲ್ಲಿ ಬರೆದುಕೊಳ್ಳಲಿ.

ಈಗ ಮುಖ್ಯವಾದ ವಿಷಯಕ್ಕೆ ಬರೋಣ. 1958ರಲ್ಲಿ ಇಂಗ್ಲೆಂಡಿನ ವಾಟರ್ ನ್ಯೂಟನ್ ಎಂಬ ಸ್ಥಳದಲ್ಲಿ ಹೆದ್ದಾರಿಯನ್ನು ಅಗಲ ಮಾಡುವ ಕೆಲಸ ನಡೆಯುವುದರಲ್ಲಿತ್ತು. ಅದು ರೋಮನ್ನರ ಕಾಲದಲ್ಲಿ ಕುಂಬಾರಿಕೆಗೆ ಹೆಸರಾದ ಸೀಮೆ. ರಸ್ತೆಯ ಯಂತ್ರಗಳು ಬರುವ ಮುಂಚೆ ಇಡೀ ನೆಲವನ್ನು ಅಗೆದು ನೋಡುವಷ್ಟು ಸಮಯ ಯಾರಿಗಿದೆ? ಆಗ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಮಾರ್ಟಿನ್ ಏಟ್ಕನ್ ಎಂಬ ವಿಜ್ಞಾನಿ ಹೊಸದಾಗಿ ತಯಾರಾಗಿದ್ದ ಪ್ರೋಟಾನ್ ಮ್ಯಾಗ್ನೆಟೋಮೀಟರನ್ನು, ಎಂದರೆ ನೆಲದ ಅಯಸ್ಕಾಂತ ಶಕ್ತಿಯ ಏರಿಳಿತವನ್ನು ಅಳೆಯುವ ಉಪಕರಣವನ್ನು, ಹಿಡಿದು ಆ ಹೊಲಗಳಲ್ಲಿ ಸಾಲು ಸಾಲಾಗಿ ನಡೆದ. ಒಂದು ಕಡೆ ಅಳತೆ ಇದ್ದಕ್ಕಿದ್ದಂತೆ ಏರಿತು. ಅಗೆದು ನೋಡಿದರೆ ರೋಮನ್ ಕುಂಬಾರರ ಆವಿಗೆ! ಒಂದು ಗುದ್ದಲಿ ಮಣ್ಣು ತೆಗೆಯುವ ಮುಂಚೆಯೇ ನೆಲದ ಒಳಗಿನ ಆವಿಗೆಯನ್ನು ಕಂಡುಹಿಡಿದದ್ದು ಪ್ರಾಕ್ತನಶಾಸ್ತ್ರದ ಚರಿತ್ರೆಯಲ್ಲಿ ದೊಡ್ಡ ಹೆಜ್ಜೆಯಾಯಿತು.

ಇದು ಹೇಗೆ ಸಾಧ್ಯವಾಯಿತು? ಜೇಡಿಮಣ್ಣಿನಲ್ಲಿರುವ ಕಬ್ಬಿಣದ ಕಣಗಳು ಕೆಂಪಗೆ ಕಾದಾಗ ತಮ್ಮ ಹಿಂದಿನ ದಿಕ್ಕನ್ನೆಲ್ಲ ಮರೆಯುತ್ತವೆ. ಮತ್ತೆ ಆರುವಾಗ, ಆ ಹೊತ್ತಿನಲ್ಲಿ ಭೂಮಿಯ ಅಯಸ್ಕಾಂತದ ಉತ್ತರ ಯಾವ ಕಡೆಗೆ ಇದೆಯೋ ಆ ಕಡೆಗೆ ಮುಖ ಮಾಡಿ ನಿಂತುಬಿಡುತ್ತವೆ. ಭೂಮಿಯ ಅಯಸ್ಕಾಂತದ ಉತ್ತರ ಶತಮಾನದಿಂದ ಶತಮಾನಕ್ಕೆ ಅಷ್ಟಿಷ್ಟು ಸರಿಯುತ್ತಾ ಇರುತ್ತದೆ. ಆವಿಗೆಯ ಗೋಡೆ ಮಾತ್ರ ತನ್ನ ಕೊನೆಯ ಬೆಂಕಿ ಆರಿದ ದಿನದ ಉತ್ತರವನ್ನೇ ಎರಡು ಸಾವಿರ ವರ್ಷ ಹಿಡಿದುಕೊಂಡು ಕೂತಿರುತ್ತದೆ. ಇಂದಿನ ಉತ್ತರಕ್ಕೂ ಅದರ ಉತ್ತರಕ್ಕೂ ಇರುವ ಅಂತರವನ್ನು ಅಳೆದು, ಆ ಆವಿಗೆಯಲ್ಲಿ ಕಡೆಯ ಬಾರಿ ಬೆಂಕಿ ಉರಿದದ್ದು ಸುಮಾರು ಯಾವಾಗ ಎಂದು ಹೇಳುವ ವಿದ್ಯೆಯೂ ಬೆಳೆದಿದೆ.

ಆದರೆ ಒಂದು ಷರತ್ತಿದೆ. ಆವಿಗೆ ಕದಲಿರಬಾರದು. ಯಾರೋ ಒಬ್ಬ ಹುಡುಗ ಅದರ ಗೋಡೆಯಿಂದ ಒಂದು ಹೆಂಟೆಯನ್ನು ಕಿತ್ತು ಶಾಲೆಯ ಬೀರುವಿನಲ್ಲಿ ಇಟ್ಟರೆ, ಹೆಂಟೆ ಅದೇ, ಕಬ್ಬಿಣದ ಕಣಗಳೂ ಅವೇ, ಆದರೆ ಅದು ತೋರಿಸುವ ಉತ್ತರ ಈಗ ಬೀರುವಿನ ಮೂಲೆಯನ್ನು ತೋರಿಸುತ್ತದೆ! ಎರಡು ಸಾವಿರ ವರ್ಷ ಉಳಿದಿದ್ದ ಸಾಕ್ಷ್ಯ ಎರಡು ನಿಮಿಷದಲ್ಲಿ ಹೋಯಿತು. ವಸ್ತು ನಮ್ಮ ಕೈಗೆ ಬಂತು, ಅದು ಹೇಳಬೇಕಾಗಿದ್ದ ಮಾತು ನೆಲದಲ್ಲೇ ಸತ್ತಿತು.

ಆವಿಗೆಯ ಜಾಗ ಕದಡದೆ ಉಳಿದರೆ ಏನೆಲ್ಲ ತಿಳಿಯಬಹುದು ಎಂಬುದಕ್ಕೆ ಇನ್ನೊಂದು ಉದಾಹರಣೆ ಕೊಡುತ್ತೇವೆ. ದಕ್ಷಿಣ ಫ್ರಾನ್ಸಿನಲ್ಲಿ ಮಿಯೋ ಎಂಬ ಊರಿನ ಬಳಿ ಲಾ ಗ್ರೋಫೆಸೆಂಕ್ ಎಂಬ ಸ್ಥಳವಿದೆ. ಕ್ರಿ.ಶ. 1ನೆಯ ಶತಮಾನದಲ್ಲಿ ಅಲ್ಲಿ ತಯಾರಾದ ಹೊಳಪಿನ ಕೆಂಪು ಬಟ್ಟಲು, ತಟ್ಟೆಗಳು ರೋಮ್ ಸಾಮ್ರಾಜ್ಯದ ಮೂಲೆ ಮೂಲೆಗೆ ಹೋಗುತ್ತಿದ್ದವು. ಹೊಗೆ ತಾಗಿ ಕೆಂಪು ಕೆಡದಿರಲಿ ಎಂದು ಅಲ್ಲಿನ ಕುಂಬಾರರು ಬೆಂಕಿಯ ಝಳವನ್ನು ಮಣ್ಣಿನ ಕೊಳವೆಗಳ ಮೂಲಕ ಹಾಯಿಸುತ್ತಿದ್ದರು. ಒಂದೇ ಆವಿಗೆಯಲ್ಲಿ ಹಲವು ಕುಂಬಾರರ ಪಾತ್ರೆಗಳನ್ನು ಒಟ್ಟಿಗೆ ಸುಡುತ್ತಿದ್ದುದರಿಂದ ಯಾರದು ಎಷ್ಟು ಎಂಬ ಲೆಕ್ಕ ಬೇಕಿತ್ತು. ಆ ಲೆಕ್ಕವನ್ನು ತಟ್ಟೆಗಳ ಮೇಲೆಯೇ ಗೀರಿ ಇಟ್ಟಿದ್ದಾರೆ. ಕುಂಬಾರನ ಹೆಸರು, ಪಾತ್ರೆಯ ಬಗೆ, ಸಂಖ್ಯೆ. ಒಂದು ಸಲದ ಸುಡುವಿಕೆಗೆ 25,000, 30,000 ಪಾತ್ರೆಗಳ ಲೆಕ್ಕವೂ ಇದೆ. ಇಷ್ಟು ಮಡಕೆ ಒಂದೇ ಬೆಂಕಿಯಲ್ಲಿ!

ನಮ್ಮ ಮನಸ್ಸನ್ನು ಹೆಚ್ಚು ಸೆಳೆದದ್ದು ಆ ಲೆಕ್ಕದ ಭಾಷೆ. ಆಳುವವರ ಭಾಷೆ ಲ್ಯಾಟಿನ್. ಕುಂಬಾರರ ಮನೆಮಾತು ಗಾಲಿಷ್. ಅವರು ಲ್ಯಾಟಿನ್ ಲಿಪಿಯಲ್ಲಿ, ಲ್ಯಾಟಿನ್ನನ್ನೂ ಮನೆಮಾತನ್ನೂ ಬೆರೆಸಿ ಬರೆದಿದ್ದಾರೆ. ಮೂರನೆಯದಕ್ಕೆ ‘ತ್ರಿತೋಸ್’, ಹತ್ತನೆಯದಕ್ಕೆ ‘ದೆಕಾಮೆತೋಸ್’ ಎಂಬ ರೂಪಗಳು ಅಲ್ಲಿ ಸಿಗುತ್ತವೆ. ಸಂಸ್ಕೃತದ ತೃತೀಯ, ದಶಮಗಳಿಗೆ ಇವು ದೂರದ ನೆಂಟರು ಎಂಬುದು ಕೇಳಿದ ಕೂಡಲೇ ತಿಳಿಯುತ್ತದೆ. ಗಾಲಿಷ್ ಭಾಷೆ ಮುಂದೆ ಕೆಲವು ಶತಮಾನಗಳಲ್ಲಿ ಸಂಪೂರ್ಣ ನಿಂತುಹೋಯಿತು. ಆ ಭಾಷೆಯಲ್ಲಿ ಒಂದನೆಯದು, ಎರಡನೆಯದು, ಮೂರನೆಯದು ಎಂದು ಹೇಗೆ ಎಣಿಸುತ್ತಿದ್ದರು ಎಂಬುದು ಇಂದು ನಮಗೆ ತಿಳಿದಿದ್ದರೆ ಅದಕ್ಕೆ ಮುಖ್ಯವಾಗಿ ಈ ಕುಂಬಾರರ ಲೆಕ್ಕದ ತಟ್ಟೆಗಳೇ ಕಾರಣ. ಆ ನಾಡಿನ ದೊರೆಗಳು ಉಳಿಸದ ಮಾತನ್ನು ಆವಿಗೆಯ ಕೆಲಸಗಾರರು ಉಳಿಸಿದರು. ಸಂತೆಯಲ್ಲಿ ತಮಿಳು, ಪಕ್ಕದ ಮನೆಯಲ್ಲಿ ತೆಲುಗು, ನಮ್ಮ ಮನೆಯಲ್ಲಿ ಕನ್ನಡ ಎಂದು ಬದುಕುವ ನಮ್ಮ ಸೀಮೆಯವರಿಗೆ ಆ ಕುಂಬಾರರು ಅಪರಿಚಿತರೆನಿಸುವುದಿಲ್ಲ.

ಲಾ ಗ್ರೋಫೆಸೆಂಕ್‌ನ ಮಾಲು ಎಲ್ಲಿಗೆ ಹೋಯಿತೆಂಬುದಕ್ಕೂ ಸಾಕ್ಷಿಯಿದೆ. ಇಟಲಿಯ ಪೊಂಪೆಯಿ ನಗರವನ್ನು ಕ್ರಿ.ಶ. 79ರಲ್ಲಿ ಜ್ವಾಲಾಮುಖಿ ಮುಚ್ಚಿದ್ದು ಎಲ್ಲರೂ ಓದಿದ ಕತೆ. 1881ರಲ್ಲಿ ಅಲ್ಲಿ ಅಗೆಯುವಾಗ ಒಂದು ಪೆಟ್ಟಿಗೆ ಸಿಕ್ಕಿತು. ಅದರಲ್ಲಿ 90 ಬಟ್ಟಲು, 37 ದೀಪಗಳು. ಬಟ್ಟಲುಗಳು ದಕ್ಷಿಣ ಫ್ರಾನ್ಸಿನವು. ಪೆಟ್ಟಿಗೆಯಿಂದ ಇಳಿಸುವ ಮುಂಚೆಯೇ ಬೆಟ್ಟ ಸಿಡಿದಿತ್ತು. ಅಂಥ ಬಟ್ಟಲುಗಳ ಕಾಲವನ್ನು ನಿರ್ಧರಿಸಲು ಇಂದಿಗೂ ಆ ಪೆಟ್ಟಿಗೆ ಆಧಾರ. ಅದೇ ಬಟ್ಟಲುಗಳು ಒಬ್ಬೊಬ್ಬ ಶ್ರೀಮಂತನ ಮನೆಯ ಕಪಾಟಿಗೆ ಚೆದುರಿ ಹೋಗಿದ್ದರೆ ಅಂದವಾದ ಬಟ್ಟಲು ಎನ್ನುವುದರ ಹೊರತು ಹೆಚ್ಚೇನೂ ಹೇಳಲು ಬರುತ್ತಿರಲಿಲ್ಲ.

ರೋಮನ್ನರ ಮಡಕೆ ನಮ್ಮ ದೇಶಕ್ಕೂ ಬಂದಿತ್ತು. ಅದನ್ನು ಸುಟ್ಟ ಆವಿಗೆಗಳು ಇಟಲಿಯಲ್ಲೇ ಉಳಿದವು. ಮಡಕೆ ಮಾತ್ರ ಹಡಗು ಹತ್ತಿ ಮೆಣಸು, ಮುತ್ತು, ಮಣಿಗಳ ವ್ಯಾಪಾರಕ್ಕೆ ಜೊತೆಯಾಗಿ ಬಂತು. ಇದು ತಿಳಿದ ಬಗೆ ಸ್ವಾರಸ್ಯವಾಗಿದೆ. ಪುದುಚೇರಿಯ ದಕ್ಷಿಣಕ್ಕೆ ಅರಿಕಮೇಡು ಎಂಬ ದಿಬ್ಬವಿದೆ. ಅಲ್ಲಿ ಬಣ್ಣ ಬಣ್ಣದ ಕಲ್ಲು, ಮಣಿಗಳನ್ನು ಮೊದಲು ಕಂಡವರು ಹಳ್ಳಿಯ ಮಕ್ಕಳು. 1937ರ ಸುಮಾರಿಗೆ ಜೂವೊ ದುಬ್ರಾಯ್ ಎಂಬ ಫ್ರೆಂಚ್ ವಿದ್ವಾಂಸರು ಆ ಮಕ್ಕಳಿಂದ ಅಂಥವನ್ನು ಕೊಂಡುಕೊಂಡರು, ತಾವೂ ದಿಬ್ಬದ ಮೇಲೆ ಹೆಕ್ಕಿದರು. ಅವುಗಳಲ್ಲಿ ಮನುಷ್ಯನ ಮುಖ ಕೊರೆದ ಒಂದು ಹರಳೂ ಇತ್ತು. ಮಕ್ಕಳ ಕಣ್ಣು ಎಷ್ಟು ಚುರುಕು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಆದರೆ ಒಂದೊಂದು ಮಣಿಯೂ ದಿಬ್ಬದ ಯಾವ ಮೂಲೆಯದು, ಎಷ್ಟು ಆಳದ್ದು, ಯಾವುದರ ಜೊತೆಗೆ ಬಿದ್ದಿತ್ತು ಎಂಬುದು ಆ ಮಾರಾಟದಲ್ಲಿ ಕಳೆದುಹೋಯಿತೆಂಬುದನ್ನೂ ಮರೆಯುವಂತಿಲ್ಲ.

1944ರಲ್ಲಿ ಭಾರತದ ಪುರಾತತ್ತ್ವ ಇಲಾಖೆಯ ಮುಖ್ಯಸ್ಥರಾಗಿ ಬಂದ ಮಾರ್ಟಿಮರ್ ವೀಲರ್ ಅವರು ಮದರಾಸಿನ ಸರ್ಕಾರಿ ವಸ್ತುಸಂಗ್ರಹಾಲಯದ ಒಂದು ಬೀರುವನ್ನು ತೆರೆದಾಗ ಒಡೆದ ಜಾಡಿಯ ಕತ್ತೊಂದು ಕೈಗೆ ಸಿಕ್ಕಿತು. ರೋಮನ್ನರು ದ್ರಾಕ್ಷಿಯ ಮದ್ಯ, ಎಣ್ಣೆ ತುಂಬಿ ಕಳಿಸುತ್ತಿದ್ದ ಆಂಫೊರ ಎಂಬ ಉದ್ದ ಜಾಡಿಯ ಕತ್ತು ಅದು. ಎಲ್ಲಿಯದು ಎಂದು ವಿಚಾರಿಸಿದರು. ಪುದುಚೇರಿ ಬಳಿಯ ಅರಿಕಮೇಡಿನದು ಎಂಬ ಉತ್ತರ ಬಂತು. ಅಷ್ಟೇ ಸಾಕಾಯಿತು. 1945ರಲ್ಲಿ ಅರಿಕಮೇಡಿನಲ್ಲಿ ಅಗೆತ ನಡೆಯಿತು.

ಬೀರುವಿನಲ್ಲಿ ಇಟ್ಟ ಬೋಕಿಯಿಂದಲೇ ಅಲ್ಲವೆ ಇಷ್ಟೆಲ್ಲ ಆದದ್ದು, ಹಾಗಾದರೆ ನಮ್ಮ ಶಾಲೆಯ ಬೀರು ಏಕೆ ಬೇಡ ಎಂದು ಜಾಣ ವಿದ್ಯಾರ್ಥಿ ಕೇಳಬಹುದು. ಕೇಳಲೇಬೇಕು. ಉತ್ತರ ಇಷ್ಟು. ವೀಲರ್ ಅವರನ್ನು ಪುದುಚೇರಿಗೆ ಕರೆದುಕೊಂಡು ಹೋದದ್ದು ಜಾಡಿಯ ಕತ್ತಲ್ಲ, ಅದರ ಜೊತೆಗೆ ಉಳಿದಿದ್ದ ಊರಿನ ಹೆಸರು. ಆ ಹೆಸರು ಮರೆತುಹೋಗಿದ್ದರೆ ಆ ಕತ್ತು ಬೀರುವಿನಲ್ಲೇ ಕೂತಿರುತ್ತಿತ್ತು.

ಅರಿಕಮೇಡಿನಲ್ಲಿ ಇಟಲಿಯ ಅರೆಟ್ಸೊ ಪಟ್ಟಣದ ಕಡೆಯ ಕೆಂಪು ಮಡಕೆಯ ಚೂರುಗಳು ಸಿಕ್ಕವು. ಅವುಗಳ ತಳದಲ್ಲಿ ಕುಂಬಾರಶಾಲೆಯ ಮುದ್ರೆ ಒತ್ತಿದೆ: ವಿಬಿಯೆ, ಕಮುರಿ, ಇಟ್ಟಾ. ಅರೆಟ್ಸೊದ ಮುದ್ರೆಗಳಲ್ಲಿ ಯಜಮಾನನ ಹೆಸರಿನ ಜೊತೆಗೆ ಎಷ್ಟೋ ಸಲ ಗುಲಾಮ ಕೆಲಸಗಾರನ ಹೆಸರೂ ಇರುತ್ತದೆ. ಅಲ್ಲಿನ ಮುದ್ರೆಗಳ ಕಾಲ ಯುರೋಪಿನಲ್ಲಿ ಗೊತ್ತಿದ್ದುದರಿಂದ ಇಲ್ಲಿನ ಪದರದ ಕಾಲವೂ ಗೊತ್ತಾಯಿತು. ಅದೇ ಪದರಗಳಲ್ಲಿ ಇನ್ನೊಂದು ಬಗೆಯ ನುಣುಪಾದ ತಟ್ಟೆಗಳೂ ಇದ್ದವು. ಒಳತಳದಲ್ಲಿ ಸಣ್ಣ ಸಣ್ಣ ಗೀರುಗಳ ವೃತ್ತಗಳಿರುವ ಇದಕ್ಕೆ ರೂಲೆಟೆಡ್ ಮಡಕೆ ಎಂದು ಹೆಸರು.

ಈ ತಟ್ಟೆಯೇ ವೀಲರ್ ಅವರನ್ನು ಕನ್ನಡನಾಡಿಗೆ ಕರೆತಂದಿತು. ಚಿತ್ರದುರ್ಗದ ಬೆಟ್ಟದ ಬುಡದ ಚಂದ್ರವಳ್ಳಿಯನ್ನು ಮೈಸೂರು ಪ್ರಾಕ್ತನ ಇಲಾಖೆಯ ಎಂ. ಎಚ್. ಕೃಷ್ಣ ಅವರು 1929ರಲ್ಲೇ ಅಗೆಸಿದ್ದರು. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಾದರೋ 1892ರಲ್ಲಿ ಬಿ. ಎಲ್. ರೈಸ್ ಅವರು ಅಶೋಕನ ಶಾಸನವನ್ನು ಕಂಡ ಸ್ಥಳ. 1947ರಲ್ಲಿ ವೀಲರ್ ಈ ಎರಡು ಕಡೆಯೂ ಅಗೆಸಿದರು. ಚಂದ್ರವಳ್ಳಿಯಲ್ಲಿ ರೂಲೆಟೆಡ್ ಮಡಕೆಯೂ ಸಿಕ್ಕಿತು, ಕ್ರಿ.ಶ. 14ರಿಂದ 37ರವರೆಗೆ ಆಳಿದ ರೋಮ್ ಚಕ್ರವರ್ತಿ ಟೈಬೀರಿಯಸನ ಬೆಳ್ಳಿಯ ನಾಣ್ಯವೂ ಸಿಕ್ಕಿತು. ಬ್ರಹ್ಮಗಿರಿಯಲ್ಲಿ ಕೆಳಗೆ ಕಲ್ಲುಕೊಡಲಿಯ ಜನ, ಅದರ ಮೇಲೆ ಬೃಹತ್ ಶಿಲಾಸಮಾಧಿಗಳ ಜನ, ಅದರ ಮೇಲೆ ರೂಲೆಟೆಡ್ ತಟ್ಟೆಯ ಕಾಲದ ಜನ, ಹೀಗೆ ಪದರ ಪದರವಾಗಿ ಕಂಡಿತು. ಮೇಲಿನ ಪದರದ ಕಾಲ ತಟ್ಟೆಯಿಂದ ತಿಳಿಯಿತು. ಅದರಿಂದ ಕೆಳಗಿನವುಗಳನ್ನು ಲೆಕ್ಕ ಹಾಕಿದರು. ದಕ್ಷಿಣ ಭಾರತದ ಚರಿತ್ರೆಪೂರ್ವ ಕಾಲಕ್ಕೆ ಇಸವಿಗಳ ಒಂದು ಏಣಿ ದೊರೆತದ್ದು ಹೀಗೆ, ಒಡೆದ ತಟ್ಟೆಯ ಚೂರಿನಿಂದ.

ಆ ಏಣಿಯ ಮೆಟ್ಟಿಲುಗಳು ಆಮೇಲೆ ಬದಲಾದವು. ಶಿಲಾಸಮಾಧಿಗಳ ಕಾಲ ಕ್ರಿ.ಪೂ. 200ರಿಂದ ಈಚೆಗೆ ಎಂದು ವೀಲರ್ ಎಣಿಸಿದ್ದರು. ರೂಲೆಟೆಡ್ ಮಡಕೆಯನ್ನು ಪಶ್ಚಿಮದ ಸಮುದ್ರದಾಚೆಯದು ಎಂದು ಭಾವಿಸಿದ್ದರು. 1989ರಿಂದ 1992ರವರೆಗೆ ವಿಮಲಾ ಬೇಗ್ಲಿ ಅವರ ನೇತೃತ್ವದಲ್ಲಿ ಅರಿಕಮೇಡಿನಲ್ಲಿ ಮತ್ತೆ ಅಗೆತ ನಡೆದು ಆ ಊರು ವೀಲರ್ ಎಣಿಸಿದ್ದಕ್ಕಿಂತ ಹಳೆಯದೆಂದು ತಿಳಿಯಿತು. ತಟ್ಟೆಯ ಜೇಡಿಯನ್ನು ಪ್ರಯೋಗಶಾಲೆಯಲ್ಲಿ ಪರೀಕ್ಷಿಸಿದವರು ಅದು ನಮ್ಮ ದೇಶದ ಮಣ್ಣೇ, ಗಂಗೆಯ ಕೆಳಗಿನ ಬಯಲಿನ ಕಡೆಯದು ಎಂಬ ನಿರ್ಣಯಕ್ಕೆ ಬಂದರು. ರೋಮನ್ನರದೆಂದುಕೊಂಡ ತಟ್ಟೆ ನಮ್ಮ ಕುಂಬಾರರ ಕೈಯದಾಯಿತು! ಇಷ್ಟು ದೊಡ್ಡ ತಿದ್ದುಪಡಿ ಸಾಧ್ಯವಾದದ್ದು ಏಕೆ? ವೀಲರ್ ಯಾವ ಚೂರು ಯಾವ ಪದರದ್ದೆಂದು ಬರೆದಿಟ್ಟಿದ್ದರಿಂದ. ಬರೆದಿಟ್ಟದ್ದನ್ನು ಮುಂದಿನವರು ತಿದ್ದಬಹುದು. ಹೆಕ್ಕಿ ಜೇಬಿಗೆ ಹಾಕಿಕೊಂಡದ್ದನ್ನು ಯಾರು ತಿದ್ದುತ್ತಾರೆ?

ಇನ್ನು ನಮ್ಮ ಜಿಲ್ಲೆಗೆ ಬರೋಣ. ಕೃಷ್ಣಗಿರಿ ಜಿಲ್ಲೆಯ ಮಯಿಲಾಡುಂಪಾರೈ ಎಂಬ ಊರಿನ ಹೆಸರು 2022ರ ಮೇ ತಿಂಗಳಲ್ಲಿ ದೇಶದ ಪತ್ರಿಕೆಗಳಲ್ಲೆಲ್ಲ ಬಂತು. ತಮಿಳುನಾಡು ಪುರಾತತ್ತ್ವ ಇಲಾಖೆಯವರು ಅಲ್ಲಿ ಅಗೆದಾಗ ಕಬ್ಬಿಣ ಸಿಕ್ಕ ಪದರದ ಮಾದರಿಗಳನ್ನು ಪರೀಕ್ಷೆಗೆ ಕಳಿಸಿದರು. ಒಂದರ ಕಾಲ ಕ್ರಿ.ಪೂ. 2172, ಇನ್ನೊಂದರದು ಕ್ರಿ.ಪೂ. 1615 ಎಂದು ಬಂತು. ಎಂದರೆ ಸುಮಾರು 4,200 ವರ್ಷಗಳ ಹಿಂದೆಯೇ ಈ ಸೀಮೆಯವರಿಗೆ ಕಬ್ಬಿಣದ ಬಳಕೆ ಗೊತ್ತಿತ್ತು. ಕಪ್ಪು ಕೆಂಪು ಮಡಕೆಯೂ ಕಬ್ಬಿಣದ ಕಾಲದಲ್ಲಿ ಬಂದದ್ದಲ್ಲ, ಅದಕ್ಕೂ ಹಿಂದೆ ಹೊಸ ಶಿಲಾಯುಗದ ಕೊನೆಗೇ ಇಲ್ಲಿತ್ತು ಎಂದು ಆ ವರದಿ ಹೇಳಿತು. ಆ ಕಬ್ಬಿಣದ ತುಂಡನ್ನು ಯಾರೋ ದನ ಕಾಯುವ ಹುಡುಗ ಮುಂಚೆಯೇ ಎತ್ತಿ ಮನೆಗೆ ತಂದಿದ್ದರೆ ಏನಾಗುತ್ತಿತ್ತು? ಹಳೇ ಕಬ್ಬಿಣ, ಗುಜರಿಗೆ ಹಾಕು ಎನ್ನುತ್ತಿದ್ದರು. ಆ ತುಂಡಿಗೆ ವಯಸ್ಸು ಕೊಟ್ಟದ್ದು ಅದು ಮಲಗಿದ್ದ ಮಣ್ಣು.

ನಮ್ಮ ಸುತ್ತಿನ ಬೆಟ್ಟಗಳಲ್ಲಿ ನಾಲ್ಕು ಚಪ್ಪಡಿ ನಿಲ್ಲಿಸಿ ಮೇಲೊಂದು ಚಪ್ಪಡಿ ಹೊದಿಸಿದ ಕಲ್ಲುಮನೆಗಳಿವೆ. ಮಲ್ಲಚಂದ್ರಂ ಬೆಟ್ಟದವು ಹೆಸರುವಾಸಿ. ಪಾಂಡವರ ಮನೆ ಎಂದು ಹಿರಿಯರು ಕರೆಯುವ ಇವು ಬ್ರಹ್ಮಗಿರಿಯಲ್ಲಿ ಕಂಡಂಥ ಶಿಲಾಸಮಾಧಿಗಳ ಬಳಗದವೇ. ಒಳಗೆ ನಿಧಿ ಇದೆ ಎಂಬ ಮರುಳಿಗೆ ಅಮಾವಾಸ್ಯೆಯ ರಾತ್ರಿ ಇಂಥ ಕಲ್ಲು ಉರುಳಿಸುವವರು ಎಲ್ಲ ಸೀಮೆಗಳಲ್ಲೂ ಇದ್ದಾರೆ. ಒಳಗಿರುವ ನಿಧಿ ಎಂದರೆ ನಾಲ್ಕು ಮಡಕೆ, ಒಂದಿಷ್ಟು ಮೂಳೆ. ಅವರು ಅದನ್ನು ಕೋಪದಿಂದ ಒಡೆದು ಹೋಗುತ್ತಾರೆ. ಹಗಲಿನಲ್ಲಿ ಕಲ್ಲಿನ ಕ್ವಾರಿ, ಹೊಲ ಸಮ ಮಾಡುವ ಜೆಸಿಬಿ, ಹೊಸೂರಿನ ಕಡೆಯಿಂದ ಬೆಳೆಯುತ್ತಾ ಬರುವ ನಿವೇಶನಗಳು. ಬದುಕು ನಡೆಯಬೇಕು, ರಸ್ತೆಯೂ ಬೇಕು, ನಾವು ಅದನ್ನು ಅಲ್ಲಗಳೆಯುವವರಲ್ಲ. ವಾಟರ್ ನ್ಯೂಟನ್ನಿನಲ್ಲೂ ರಸ್ತೆ ಅಗಲವಾಯಿತು. ಆದರೆ ಮೊದಲು ಒಬ್ಬರು ಹೋಗಿ ನೋಡಿ ಬಂದರು.

ಪೋಷಕರ ಮನಸ್ಸಿನಲ್ಲಿರುವ ಅಳುಕನ್ನೂ ನಾವು ಬಲ್ಲೆವು. ನಮ್ಮ ಹೊಲದಲ್ಲಿ ಹಳೆಯದೇನೋ ಇದೆ ಎಂದು ಮಾಸ್ತರರಿಗೆ ಹೇಳಿದರೆ ನಾಳೆ ಸರ್ಕಾರದವರು ಬಂದು ಹೊಲವನ್ನೇ ಕಿತ್ತುಕೊಂಡರೆ? ಬೋಕಿ ಕಂಡ ಮಾತ್ರಕ್ಕೆ ಹೊಲ ಯಾರ ಕೈಯನ್ನೂ ಬಿಟ್ಟುಹೋಗುವುದಿಲ್ಲ. ಒಂದು ಸ್ಥಳವನ್ನು ರಕ್ಷಿತವೆಂದು ಸಾರಬೇಕಾದರೆ 1958ರ ಕೇಂದ್ರ ಕಾಯ್ದೆಯ ಪ್ರಕಾರ ಮೊದಲು ಪ್ರಕಟಣೆ ಹೊರಡಿಸಿ, ಆಕ್ಷೇಪಣೆ ಸಲ್ಲಿಸಲು ಎರಡು ತಿಂಗಳ ಅವಕಾಶ ಕೊಡಬೇಕು. ನಿಜವಾದ ನಿಧಿಯೇ ಸಿಕ್ಕಿತೆನ್ನೋಣ, 1878ರ ನಿಧಿ ಕಾಯ್ದೆಯಂತೆ ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯದಾದರೆ ಕಲೆಕ್ಟರಿಗೆ ತಿಳಿಸಲೇಬೇಕು. ಅದಕ್ಕೆ ವಾರಸುದಾರರಿಲ್ಲವೆಂದು ತೀರ್ಮಾನವಾದರೆ, ಬೇರೆ ಒಪ್ಪಂದವಿಲ್ಲದಿದ್ದಲ್ಲಿ ಸಿಕ್ಕವನಿಗೆ ಮುಕ್ಕಾಲು ಪಾಲು, ನೆಲದ ಒಡೆಯನಿಗೆ ಕಾಲು ಪಾಲು ಎಂದು ಅದೇ ಕಾಯ್ದೆ ಹೇಳುತ್ತದೆ. ಮುಚ್ಚಿಟ್ಟವನಿಗೆ ಪಾಲೂ ಇಲ್ಲ, ಶಿಕ್ಷೆ ಬೇರೆ. ಹೆದರಬೇಕಾದದ್ದು ಹೇಳುವುದಕ್ಕಲ್ಲ, ಮುಚ್ಚಿಡುವುದಕ್ಕೆ.

ಹಾಗಾದರೆ ಶಾಲೆ ಮಾಡಬೇಕಾದದ್ದೇನು? ಬೀರುವಿನ ಬದಲು ಒಂದು ದಪ್ಪ ಲೆಕ್ಕದ ಪುಸ್ತಕ ಇಡೋಣ ಎಂದು ನಾವು ಯೋಚಿಸಿದ್ದೇವೆ. ಬೋಕಿ, ಕಿಟ್ಟ, ಸುಟ್ಟ ಕೆಂಪು ಮಣ್ಣು, ಸೊಟ್ಟ ಮಡಕೆಗಳ ಗುಡ್ಡೆ, ಬೂದಿಯ ದಿಬ್ಬ, ಬರಹವಿರುವ ಕಲ್ಲು, ವೀರಗಲ್ಲು ಏನೇ ಕಂಡರೂ ಅದನ್ನು ಮುಟ್ಟದೆ, ಕಂಡ ಹುಡುಗ ಅಥವಾ ಹುಡುಗಿ ಅದರಲ್ಲಿ ಬರೆಯಬೇಕು. ಯಾವ ಊರು, ಯಾರ ಹೊಲ, ಹತ್ತಿರದ ಬಾವಿ ಅಥವಾ ಮರ ಯಾವುದು, ಅಲ್ಲಿಂದ ಯಾವ ದಿಕ್ಕಿಗೆ ಎಷ್ಟು ಹೆಜ್ಜೆ, ಉಳುವಾಗ ಕಂಡಿತೋ ಕೊಳವೆ ಬಾವಿಗೆ ಅಗೆಯುವಾಗಲೋ. ಮನೆಯಲ್ಲಿ ಮೊಬೈಲ್ ಇದ್ದರೆ ಪಕ್ಕದಲ್ಲಿ ಒಂದು ಅಳತೆಕೋಲು ಇಟ್ಟು ಚಿತ್ರ ತೆಗೆಯಲಿ. ವರ್ಷಕ್ಕೊಮ್ಮೆ ಅದರ ಒಂದು ಪ್ರತಿಯನ್ನು ತಮಿಳಿಗೆ ಇಳಿಸಿ ಕೃಷ್ಣಗಿರಿಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೂ ಪುರಾತತ್ತ್ವ ಇಲಾಖೆಗೂ ಕಳಿಸುವ ಕೆಲಸ ನಮ್ಮದು. ಎರಡೂ ಭಾಷೆಗಳಲ್ಲಿ ಓದಿದವರು ಇಂಥ ಕೆಲಸಕ್ಕೆ ಬಾರದಿದ್ದರೆ ಆ ಓದು ಯಾತಕ್ಕೆ?

ಈ ಪುಸ್ತಕದಲ್ಲಿ ಕನ್ನಡದ ಮಕ್ಕಳಲ್ಲದೆ ಬೇರೆ ಯಾರೂ ತುಂಬಲಾರದ ಒಂದು ಅಂಕಣ ಇರುತ್ತದೆ. ಅದು ಹೊಲದ ಹೆಸರು. ಪಹಣಿಯ ಕಾಗದದಲ್ಲಿ ಹೊಲಕ್ಕೆ ಒಂದು ಸರ್ವೆ ನಂಬರು ಇರುತ್ತದೆ, ಅಷ್ಟೆ. ಮನೆಯ ಹಿರಿಯರ ಬಾಯಲ್ಲಿ ಅದೇ ಹೊಲ ಕುಂಬಾರನ ಹೊಲ, ಹಾಳೂರ ದಿಣ್ಣೆ, ಬೂದಿಗುಡ್ಡೆ, ಕೋಟೆ ಹೊಲ ಎಂದು ಇರುತ್ತದೆ. ಕುಂಬಾರರ ಮನೆಯೇ ಇಲ್ಲದ ಊರಿನಲ್ಲಿ ಕುಂಬಾರನ ಹೊಲ ಎಂಬ ಹೆಸರು ಏಕೆ ಬಂತು? ಬೂದಿಯೇ ಕಾಣದ ಕಡೆ ಬೂದಿಗುಡ್ಡೆ ಏಕೆ? ಅರಿಕಮೇಡಿನ ‘ಮೇಡು’ ಎಂದರೂ ದಿಬ್ಬವೇ ತಾನೆ. ದೂರದಿಂದ ಉಪಕರಣ ಹಿಡಿದು ಬರುವ ವಿಜ್ಞಾನಿಗೆ ಈ ಹೆಸರುಗಳನ್ನು ಯಾರು ಹೇಳಬೇಕು? ಹಿರಿಯರು ಹೋದರೆ, ಮಕ್ಕಳು ಇಂಗ್ಲಿಷ್ ಶಾಲೆಗೆ ಹೋಗಿ ಹೊಲದ ಕಡೆಗೆ ತಲೆಹಾಕದಿದ್ದರೆ, ಲಾ ಗ್ರೋಫೆಸೆಂಕ್‌ನ ಕುಂಬಾರರ ಎಣಿಕೆಯಂತೆ ಈ ಹೆಸರುಗಳನ್ನು ಗೀರಿಟ್ಟ ತಟ್ಟೆಯೂ ನಮ್ಮಲ್ಲಿ ಇರುವುದಿಲ್ಲ.

ಬೇಸಿಗೆ ರಜೆ ಬರುತ್ತಿದೆ. ಮೊದಲ ಮಳೆ ಬಿದ್ದು ಹೊಲ ಉತ್ತ ಮೇಲೆ, ಮರುದಿನ ಬೆಳಗಿನ ಎಳೆಬಿಸಿಲಿನಲ್ಲಿ ತೊಳೆದಿಟ್ಟಂತೆ ಬೋಕಿಗಳು ಕಾಣುತ್ತವೆ. ಹೋಗಿ ನೋಡಲು ಅದೇ ಒಳ್ಳೆಯ ಹೊತ್ತು. ಕಾಡಂಚಿನ ಹೊಲಗಳಿಗೆ ಮಾತ್ರ ದೊಡ್ಡವರ ಜೊತೆಯಲ್ಲೇ ಹೋಗಬೇಕು, ಆನೆಗಳ ಕಾಟ ತಮಗೆಲ್ಲ ತಿಳಿದೇ ಇದೆ. ಪುಸ್ತಕ ಜೂನ್ ತಿಂಗಳಲ್ಲಿ ಶಾಲೆ ತೆರೆದ ದಿನದಿಂದ ಕನ್ನಡ ವಿಭಾಗದ ಮೇಜಿನ ಮೇಲೆ ಇರುತ್ತದೆ. ಹೊಲದ ಹೆಸರನ್ನು ಅಜ್ಜಿ ಹೇಗೆ ಹೇಳುತ್ತಾರೋ ಹಾಗೆಯೇ ಬರೆಯಿರಿ. ಕಾಗುಣಿತವನ್ನು ನಾವು ಆಮೇಲೆ ನೋಡಿಕೊಳ್ಳುತ್ತೇವೆ.